ಸೋರಿಯಾಸಿಸ್ ಪಥ್ಯ: ಬದನೆಕಾಯಿ ಬಿಡುವ ಮೊದಲು ಎಣ್ಣೆ ಅಳೆಯಿರಿ

ಚಿಕ್ಕಬಳ್ಳಾಪುರದ ಕಡೆ ಸೋರಿಯಾಸಿಸ್ (ಚರ್ಮದ ಮೇಲೆ ಕಲೆಯಾಗಿ ಹೊಟ್ಟು ಏಳುವ ಕಾಯಿಲೆ) ಇರುವವರು ಆಹಾರ ಸಲಹೆಗೆ ಬರುವ ಹೊತ್ತಿಗೆ ಅರ್ಧ ಊಟವನ್ನೇ ಬಿಟ್ಟಿರುತ್ತಾರೆ. ಬದನೆಕಾಯಿ ನಂಜು, ಹುರುಳಿಕಾಳು ನಂಜು, ಮೊಟ್ಟೆ, ಮೀನು ಮುಟ್ಟಲೇಬಾರದು ಎಂಬ ನಂಬಿಕೆ. ಕೊನೆಗೆ ಉಳಿಯುವುದು ಅನ್ನ, ತಿಳಿಸಾರು, ಟೀ, ಬಿಸ್ಕತ್ತು. ಪ್ರೋಟೀನ್ ಹೋಗಿ ಪಿಷ್ಟ, ಸಕ್ಕರೆ ಉಳಿಯುತ್ತದೆ, ತೂಕ ಏರುತ್ತದೆ. ಮೈತುಂಬ ಹರಡಿ ಹೊಟ್ಟು ಉದುರುವವರಲ್ಲಿ ಆ ಹೊಟ್ಟಿನ ಜೊತೆಗೇ ಪ್ರೋಟೀನ್ ಹೋಗುತ್ತಿರುತ್ತದೆ. ಅಂಥವರಿಗೆ ಕಾಳು, ಮೊಟ್ಟೆ ತಪ್ಪಿಸುವುದು ಅನ್ಯಾಯ. ಹಾಗಾಗಿ ನಾನು ಮೊದಲು ಮಾಡುವುದು, ಅಲರ್ಜಿ ಇಲ್ಲ ಎಂದು ಖಚಿತವಾದ ಪದಾರ್ಥಗಳನ್ನೆಲ್ಲ ತಟ್ಟೆಗೆ ವಾಪಸ್ ತರುವುದು.

ಎರಡನೆಯದು ತೂಕ ಮತ್ತು ಸೊಂಟದ ಅಳತೆ. ನಮ್ಮ ಜನಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಟಿಎನ್ಎಫ್, ಐಎಲ್-6 ಎಂಬ ಉರಿಯೂತದ ಅಂಶಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಸೋರಿಯಾಸಿಸ್ ಕಲೆಗಳನ್ನು ಕೆರಳಿಸುವುದರಲ್ಲೂ ಇವೇ ಇವೆ. ತೂಕ ಹೆಚ್ಚಿರುವವರು ಅದನ್ನು ಇಳಿಸಿದರೆ ಕಾಯಿಲೆಯ ತೀವ್ರತೆ ತಗ್ಗುತ್ತದೆ, ಔಷಧಿಯೂ ಚೆನ್ನಾಗಿ ಹಿಡಿಯುತ್ತದೆ. ಸೋರಿಯಾಸಿಸ್ ಆಹಾರದ ವಿಷಯದಲ್ಲಿ ಇಷ್ಟು ಗಟ್ಟಿ ಆಧಾರ ಬೇರೆ ಯಾವ ಪಥ್ಯಕ್ಕೂ ಇಲ್ಲ.

ತೂಕ ಇಳಿಸಬೇಕಾದವರು ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಮಾಡಬೇಕು. ಎಲ್ಲಿಂದ? ಮುದ್ದೆಗೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಆದರೆ ರಾಗಿ ಎಂದರೆ ಎಷ್ಟಾದರೂ ತಿನ್ನಬಹುದು ಎಂದೂ ಅಲ್ಲ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಗಿಂತ ಸ್ವಲ್ಪವಷ್ಟೇ ಕಡಿಮೆ. ರಾತ್ರಿ ಮುದ್ದೆ ಮುಗಿದ ಮೇಲೆ ‘ಒಂಚೂರು’ ಎಂದು ಬಡಿಸಿಕೊಳ್ಳುವ ಅನ್ನಕ್ಕೆ 50 ಗ್ರಾಂ ಅಕ್ಕಿ ಹಿಡಿಯುತ್ತದೆ. ಅದು ಬಿಟ್ಟರೆ 175. ದಿನಕ್ಕೆ ಆರು ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ 60 ಗ್ರಾಂ, 240 ಕ್ಯಾಲೊರಿ. ಮೂರು ಟೀ, ಅರ್ಧರ್ಧ ಚಮಚಕ್ಕೆ ಬಂದರೆ 210 ಉಳಿಯಿತು. ಮಿಕ್ಕಿದ್ದು ಎಣ್ಣೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಮುಗಿಯುತ್ತಿದ್ದರೆ ತಲೆಗೆ ದಿನಕ್ಕೆ 30 ಗ್ರಾಂ. ಅದನ್ನು ಎರಡು ಲೀಟರಿಗೆ ಇಳಿಸಿದರೆ ಇನ್ನೊಂದು 135 ಸಿಕ್ಕಿತು.

ಲೆಕ್ಕ ತಪ್ಪುವುದು ಎಣ್ಣೆಯಲ್ಲೇ. ರೋಗಿಗೆಂದು ಬೇರೆ ಒಗ್ಗರಣೆ ಹಾಕುವುದು ನಾಲ್ಕು ದಿನ ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಅದಕ್ಕೇ ಅಡುಗೆ ಮಾಡುವವರನ್ನೂ ಜೊತೆಗೆ ಕರೆಸುತ್ತೇನೆ. ಒಂದನೇ ತಾರೀಕು ಮನೆಯವರಿಗೆಲ್ಲ ಸೇರಿ ಎರಡು ಲೀಟರ್ ತೆಗೆದಿಟ್ಟು, ಡಬ್ಬದ ಮೇಲೆ ವಾರಕ್ಕೊಂದು ಗೆರೆ ಎಳೆಯಬೇಕು. ಎಣ್ಣೆ ಬಗ್ಗಿಸುವುದು ಬಿಟ್ಟು ಚಮಚದಲ್ಲೇ ಹಾಕಬೇಕು. ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಕಡಿಮೆ ಎಣ್ಣೆಯಲ್ಲೇ ರುಚಿ ಕೊಡುವ ಅಡುಗೆ. ಕಾಳು ತಲೆಗೆ 30 ಗ್ರಾಂನಂತೆ ನೆನೆಹಾಕಿದರೆ ಸುಮಾರು 7 ಗ್ರಾಂ ಪ್ರೋಟೀನ್.

ಗೋಧಿ ಬಿಟ್ಟರೆ ವಾಸಿ ಎಂದು ಹೇಳುವವರು ಹೆಚ್ಚಾಗಿದ್ದಾರೆ. ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಕೆಡುವ ಕಾಯಿಲೆ) ರಕ್ತಪರೀಕ್ಷೆಯಲ್ಲಿ ದೋಷ ಕಂಡವರಿಗೆ ಮಾತ್ರ ಅದರಿಂದ ಉಪಯೋಗವಾಗಬಹುದು. ಆ ಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ನಂಬುವಂತಿಲ್ಲ.

ಇದೇ ಪದಾರ್ಥದಿಂದ ಕೆರಳುತ್ತದೆ ಎಂಬ ಅನುಮಾನ ಬಲವಾಗಿದ್ದರೆ ಅದೊಂದನ್ನೇ ನಾಲ್ಕು ವಾರ ಬಿಟ್ಟು, ಮತ್ತೆ ತಿಂದು ನೋಡಬೇಕು. ವಾರಕ್ಕೊಮ್ಮೆ ಅದೇ ಬೆಳಕಿನಲ್ಲಿ ಅದೇ ಕಲೆಯ ಫೋಟೊ ತೆಗೆದಿಡಬೇಕು. ಸೋರಿಯಾಸಿಸ್ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಚಳಿಗಾಲದಲ್ಲಿ ಅನೇಕರಿಗೆ ಹೆಚ್ಚಾಗುತ್ತದೆ. ಮತ್ತೆ ತಿಂದು ನೋಡದಿದ್ದರೆ ಮಾಗಿ ಚಳಿಯ ತಪ್ಪು ಅವರೆಕಾಳಿನ ತಲೆಗೆ ಬರುತ್ತದೆ. ಇಸುಬು (ಎಕ್ಸಿಮಾ) ಇರುವ ಮಕ್ಕಳಲ್ಲಿ ಮಾತ್ರ ಈ ಪ್ರಯೋಗವನ್ನು ಮನೆಯಲ್ಲಿ ಮಾಡಬೇಡಿ. ಅಲರ್ಜಿ ಪತ್ತೆಯಾಗದೆ ಹಾಲು, ಮೊಟ್ಟೆ ನಿಲ್ಲಿಸಿದರೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿಯೇ ಎದುರಾಗಬಹುದು.

ಔಷಧಿ ಚೀಟಿ ನೋಡದೆ ಆಹಾರ ಹೇಳಲೇಬಾರದು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಬಾಡೂಟಕ್ಕಿಂತ ಅದರ ಜೊತೆಗಿನ ಮದ್ಯ ಅಪಾಯ, ಮಾತ್ರೆ, ಮದ್ಯ ಎರಡೂ ಲಿವರಿಗೆ ಪೆಟ್ಟು ಕೊಡುತ್ತವೆ. ಈ ಮಾತ್ರೆ ವಾರಕ್ಕೊಂದೇ ದಿನ ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳುತ್ತೇನೆ. ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಅಸಿಟ್ರೆಟಿನ್ ವಿಟಮಿನ್ ಎ ಜಾತಿಯ ಔಷಧಿ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸುತ್ತದೆ. ಚರ್ಮಕ್ಕೆ ಒಳ್ಳೆಯದೆಂದು ನುಂಗುವ ಕಾಡ್ ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಇರುವುದರಿಂದ ಅಸಿಟ್ರೆಟಿನ್ ಜೊತೆ ಅದನ್ನು ನಿಲ್ಲಿಸಬೇಕು. ಸೈಕ್ಲೋಸ್ಪೊರಿನ್ ಇದ್ದರೆ ಪಕ್ಕದ ದೇವನಹಳ್ಳಿಯ ಚಕೋತ ಬೇಡವೇ ಬೇಡ, ಔಷಧಿಯ ಮಟ್ಟ ರಕ್ತದಲ್ಲಿ ವಿಪರೀತ ಏರಬಹುದು. ಅದೇ ಔಷಧಿ ಪೊಟ್ಯಾಸಿಯಂ, ಬಿಪಿ ಎರಡನ್ನೂ ಏರಿಸುತ್ತದೆ. ದಿನಾ ಎಳನೀರು ಕುಡಿಯುವ ಮೊದಲು ವೈದ್ಯರನ್ನು ಕೇಳಿ, ಉಪ್ಪಿನಕಾಯಿ ಹಪ್ಪಳ ತಗ್ಗಿಸಿ.

ಇಷ್ಟರ ನಡುವೆ ಹೆಸರಿಲ್ಲದ ಪುಡಿ ಸೇವಿಸುತ್ತಿರುವವರೂ ಇರುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಅಂಥದ್ದನ್ನು ಥಟ್ಟನೆ ನಿಲ್ಲಿಸಿದರೆ ಮೈತುಂಬ ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರುವ ಪರಿಸ್ಥಿತಿ ಬರಬಹುದು. ಪೊಟ್ಟಣ ಸಮೇತ ಚರ್ಮದ ವೈದ್ಯರಿಗೆ ತೋರಿಸಿ, ಹೇಗೆ ನಿಲ್ಲಿಸುವುದೆಂದು ಅವರಿಂದಲೇ ತಿಳಿದುಕೊಳ್ಳಬೇಕು.