ಜಪಾನಿಗೆ ಹೊಸದಾಗಿ ಬಂದೋರಿಗೆ: ನಿಮ್ಮ ಪರ್ಸಲ್ಲಿರೋ ಚಿಲ್ಲರೆ ಬಗ್ಗೆ

ಟೋಕಿಯೋದ ನಿಶಿಕಸಾಯಿ ಕಡೆ ಹೊಸದಾಗಿ ಮನೆ ಮಾಡಿರೋರು ಟ್ರೈನ್ ಕಾರ್ಡು, ಸಿಮ್ಮು, ವಾರ್ಡ್ ಆಫೀಸು ಅಂತ ಓಡಾಡ್ತಾ ಇರ್ತೀರ, ಅದರ ಮಧ್ಯೆ ಕೈಗೆ ಬರೋ ನಾಣ್ಯಗಳನ್ನೂ ಒಂದ್ಸಲ ತಿರುಗಿಸಿ ನೋಡಿ, ಯುದ್ಧ ಮುಗಿದ್ಮೇಲೆ ಈ ದೇಶ ಏನನ್ನ ನಂಬ್ಕೊಂಡು ಎದ್ದು ನಿಂತ್ಕೊಳ್ತು ಅನ್ನೋದು ಅದರ ಮೇಲೇ ಇದೆ.

ಎಲ್ಲರಿಗೂ ಮೊದಲು ಕನ್‌ಫ್ಯೂಸ್ ಮಾಡೋದು ಹಿತ್ತಾಳೆಯ 5 ಯೆನ್. ದಿನಾ ಓಡಾಡೋ ಆರು ನಾಣ್ಯದಲ್ಲಿ ಇದೊಂದರ ಮೇಲೆ ಮಾತ್ರ ಬೆಲೆ ಅಂಕಿಯಲ್ಲಿಲ್ಲ, ಬರೀ ಕಾಂಜಿ, ಅಂದ್ರೆ ಚೀನಾ ಮೂಲದ ಜಪಾನೀ ಅಕ್ಷರ. ಹಳದಿ ಬಣ್ಣ, ನಮ್ಮಜ್ಜಿಯರ ತೂತುಕಾಸಿನ ಥರ ನಡುವೆ ತೂತು, ಹಂಗೆ ಗುರುತಿಟ್ಕೊಳ್ಳಿ. 1948ರಲ್ಲಿ ತೂತಿಲ್ಲದೆ, ಪಾರ್ಲಿಮೆಂಟ್ ಕಟ್ಟಡದ ಚಿತ್ರದ ಜೊತೆ ಬಂದಿದ್ದು, 1949ರಿಂದ ತೂತು ಬಂತು, ಚಿತ್ರಾನೂ ಬದಲಾಯ್ತು: ಬಾಗಿರೋ ಭತ್ತದ ತೆನೆ, ಕೆಳಗೆ ನೀರಿನ ಗೆರೆ, ತೂತಿನ ಸುತ್ತ ಹಲ್ಲುಚಕ್ರ. ಅಂದ್ರೆ ಬೇಸಾಯ, ಮೀನುಗಾರಿಕೆ, ಕಾರ್ಖಾನೆ. ಊಟಕ್ಕೇ ಕಷ್ಟ ಇದ್ದ ಕಾಲದಲ್ಲಿ ಇಷ್ಟು ಸಣ್ಣ ಜಾಗದಲ್ಲಿ ಇದನ್ನೆಲ್ಲ ಕೂರಿಸಿದಾರಲ್ಲ, ನನಗಂತೂ ಎಲ್ಲಕ್ಕಿಂತ ಇಷ್ಟ ಇದೇ.

1 ಯೆನ್ 1955ರದು, ಅಲ್ಯೂಮಿನಿಯಂ, ಸರಿಯಾಗಿ 1 ಗ್ರಾಂ, ಮೇಲೆ ಎಳೇ ಗಿಡ. ತಾಮ್ರದ ಬಣ್ಣದ 10 ಯೆನ್ ಮೇಲಿರೋದು ಕ್ಯೋಟೋ ಹತ್ರ ಉಜಿಯ ಬ್ಯೋದೊಇನ್ ದೇವಸ್ಥಾನ, ಹೋಗಿ ನಾಣ್ಯ ಎತ್ತಿ ಹಿಡಿದು ಹೋಲಿಸಿ ನೋಡಿ. 1951ರಿಂದ 58ರವರೆಗಿನ 10 ಯೆನ್‌ಗೆ ಅಂಚಲ್ಲಿ ಗೀರು ಇರುತ್ತೆ, ಇಲ್ಲಿಯವರು ಗಿಜಾಜೂ ಅಂತಾರೆ, ಈಗಲೂ ಅಪರೂಪಕ್ಕೆ ಚಿಲ್ಲರೆಯಲ್ಲಿ ಸಿಗುತ್ತೆ. 50ರಲ್ಲಿ ಸೇವಂತಿಗೆ, 100ರಲ್ಲಿ ಸಕುರಾ, ಎರಡೂ 1967ರಿಂದ. ಅದಕ್ಕೂ ಮುಂಚೆ 100 ಯೆನ್ ಬೆಳ್ಳಿ ಬೆರೆಸಿದ್ದಾಗಿತ್ತು.

ಇಸವಿ ನೋಡಿ ಗಾಬರಿ ಆಗ್ಬೇಡಿ, ಅದು ಚಕ್ರವರ್ತಿಯ ಕಾಲದ ಲೆಕ್ಕ, ಒಬ್ಬೊಬ್ಬರ ಕಾಲಕ್ಕೂ ಒಂದೊಂದು ಹೆಸರು, ವರ್ಷ ಮತ್ತೆ 1ರಿಂದ ಶುರು. ಶೋವಾ ಆದ್ರೆ 1925, ಹೇಸೇ ಆದ್ರೆ 1988, ರೇವಾ ಆದ್ರೆ 2018 ಕೂಡಿಸಿ. 1989ರ ಜನವರಿಯಲ್ಲಿ ಚಕ್ರವರ್ತಿ ತೀರಿಕೊಂಡ್ರು, ಶೋವಾ 64 ಏಳೇ ದಿನಕ್ಕೆ ಮುಗೀತು, ಹಂಗಾಗಿ ಆ ವರ್ಷದ 50, 100 ಇಲ್ವೇ ಇಲ್ಲ.

500 ಯೆನ್ ಕಥೆ ಬೇರೆ. 1982ರಲ್ಲಿ ನೋಟಿನ ಬದಲು ಬಂತು, ಆದ್ರೆ ಕೊರಿಯಾದ 500 ವಾನ್ ಅದೇ ಸೈಜು, ಅದೇ ಲೋಹ, ಬೆಲೆ ಮಾತ್ರ ತುಂಬಾ ಕಮ್ಮಿ, ಕಳ್ಳರು ಅದನ್ನ ಸ್ವಲ್ಪ ಕೊರೆದು ತೂಕ ಇಳಿಸಿ ವೆಂಡಿಂಗ್ ಮಷೀನಿಗೆ ಹಾಕೋರು. ಅದಕ್ಕೇ 2000ದಲ್ಲಿ ಲೋಹ ಬದಲಾಯ್ತು, 2021ರಲ್ಲಿ ಎರಡು ಬಣ್ಣದ್ದು ಬಂತು. ಈ ಹೊಸದನ್ನ ಕೆಲವು ಹಳೇ ಮಷೀನು ತಗೊಳ್ಳಲ್ಲ, 1, 5 ಯೆನ್ ಅಂತೂ ಸಾಮಾನ್ಯವಾಗಿ ಯಾವ ವೆಂಡಿಂಗ್ ಮಷೀನೂ ತಗೊಳ್ಳಲ್ಲ, ಅದಕ್ಕೆ 100ರದು ನಾಲ್ಕೈದು ಯಾವಾಗಲೂ ಇಟ್ಕೊಂಡಿರಿ. ಇನ್ನೊಂದು, ಒಂದೇ ಬೆಲೆಯ ನಾಣ್ಯ 20ಕ್ಕಿಂತ ಜಾಸ್ತಿ ಕೊಟ್ರೆ ಅಂಗಡಿಯವರು ಬೇಡ ಅನ್ನಬಹುದು, ಕಾನೂನೇ ಹಂಗಿದೆ.