ವಿಸ್ಟೇರಿಯಾ ಹೂ ಬಿಡದ ಅಂಗಳಕ್ಕೆ ಪೆಟ್ರಿಯಾ

ಆರು ವರ್ಷ ನಾನೊಂದು ವಿಸ್ಟೇರಿಯಾ ಬಳ್ಳಿ ಸಾಕಿದೆ, ನೇರಳೆ ಹೂಗೊಂಚಲಿನ ಆಸೆಗೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸಸಿ ತಂದಿದ್ದು ದೂರದ ಊರಿನ ಒಂದು ನರ್ಸರಿಯಿಂದ. "ಎರಡೇ ವರ್ಷಕ್ಕೆ ಹೂವು" ಅಂದಿದ್ದರು. ಬಳ್ಳಿ ಚೆನ್ನಾಗಿ ಹಬ್ಬಿತು, ಬಚ್ಚಲುಮನೆಯ ಮಾಡಿಗೂ ಹತ್ತಿತು. ಹೂವು ಮಾತ್ರ ಒಂದೂ ಇಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಚೀನಾ, ಜಪಾನ್ ಕಡೆಯ ಆ ಬಳ್ಳಿಗೆ ವಾರಗಟ್ಟಲೆ ಗಟ್ಟಿ ಚಳಿ ಬೇಕು. ಎಲೆ ಉದುರಿಸಿ ಮಲಗಿ, ಎದ್ದ ಮೇಲೆ ಹೂ ಬಿಡುವ ಜಾತಿ ಅದು. ನಮ್ಮ ಧನುರ್ಮಾಸದ ಚಳಿ ನಮಗೆ ಕಂಬಳಿ ಹೊದೆಸುತ್ತದೆ, ಅದಕ್ಕೆ ಸಾಲುವುದಿಲ್ಲ.

ಅದೇ ವರ್ಷ ಶಿವರಾತ್ರಿ ಹೊತ್ತಿಗೆ ಹೊಸನಗರದ ಹತ್ತಿರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಂಗಳದ ಚಪ್ಪರದ ತುಂಬ ನೇರಳೆ ಗೊಂಚಲು. "ಇದು ವಿಸ್ಟೇರಿಯಾನಾ ಚಿಕ್ಕಮ್ಮಾ?" ಅಂತ ಕೇಳಿದೆ. "ಹೆಸರೆಲ್ಲ ಗೊತ್ತಿಲ್ಲ ಮಾರಾಯ್ತಿ, ಎಲೆ ಮುಟ್ಟಿ ನೋಡು" ಅಂದರು. ಮುಟ್ಟಿದೆ. ಗರಗತ್ತಿ ಎಲೆಯಂತೆ ದೊರಗು, ಬೆರಳು ತರಚುವಷ್ಟು.

ಅದು ಪೆಟ್ರಿಯಾ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬಿಸಿಲುನಾಡಿನ ಬಳ್ಳಿ, ಅದಕ್ಕೆ ಗಟ್ಟಿ ಚಳಿ ಬೇಡ. ಇಂಗ್ಲೆಂಡಿನಲ್ಲಿ ದೂರದ ದೇಶಗಳ ಗಿಡ ತರಿಸಿ ಬೆಳೆಸುತ್ತಿದ್ದ ಲಾರ್ಡ್ ಪೀಟರ್ ಎಂಬವರ ನೆನಪಿಗೆ ಈ ಹೆಸರು. ಅವರು 1742ರಲ್ಲಿ, 29 ವರ್ಷಕ್ಕೇ, ಸಿಡುಬಿನಿಂದ ತೀರಿಕೊಂಡರು. ಗಿಡದ ಹುಚ್ಚಿನ ಮನುಷ್ಯನಿಗೆ ಎಷ್ಟು ಕಡಿಮೆ ಆಯುಸ್ಸು ಅನ್ನಿಸುತ್ತದೆ, ಅಲ್ವಾ.

ನರ್ಸರಿಯಲ್ಲಿ ಈ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವುದುಂಟು. ಚೀಟಿ ನಂಬಬೇಡಿ, ಎಲೆ ನೋಡಿ. ವಿಸ್ಟೇರಿಯಾಕ್ಕೆ ಕರಿಬೇವಿನ ಹಾಗೆ ಒಂದೇ ಕಡ್ಡಿಗೆ ಸಾಲಾಗಿ ಎಲೆ, ಮೆತ್ತಗಿರುತ್ತದೆ. ಪೆಟ್ರಿಯಾದ್ದು ಬಿಡಿ ಬಿಡಿ ಎಲೆ, ಎದುರುಬದುರು ಜೋಡಿ, ಮರಳುಕಾಗದದಷ್ಟು ಒರಟು.

ಇನ್ನು ನೆಡುವ ವಿಷಯ. ನಮ್ಮ ಕಡೆ ಪೆಟ್ರಿಯಾವನ್ನು ಕೊಲ್ಲುವುದು ಮಳೆಗಾಲದಲ್ಲಿ ಬುಡಕ್ಕೆ ನಿಲ್ಲುವ ನೀರು. ಮೊದಲ ಸಸಿಯನ್ನು ನಾನು ಮೃಗಶಿರ ಮಳೆಗೆ, ಜಗಲಿ ಪಕ್ಕದಲ್ಲೇ ನೆಟ್ಟೆ. ಮಾಡಿನ ನೀರು ಸರಿಯಾಗಿ ಬುಡಕ್ಕೇ ಬೀಳುತ್ತಿತ್ತು. ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಎಲೆಯೆಲ್ಲ ಹಳದಿ. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಸಿಪ್ಪೆ ಕೈಗೇ ಜಾರಿ ಬಂತು. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರಲ್ಲಿ ಅರ್ಧ ಬೀಳುವ ಊರಾದರೂ ಎಳೆ ಸಸಿ ತಡೆಯುವುದು ಕಷ್ಟ.

ಹಾಗಾಗಿ ಘಟ್ಟದ ಅಂಚಿನವರು ಜೂನ್‌ನಲ್ಲಿ ನೆಡಬೇಡಿ. ಉತ್ತರೆ ಮಳೆ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ ನೆಡಿ. ಮಣ್ಣು ಹಸಿ ಇರುತ್ತದೆ, ದೊಡ್ಡ ಮಳೆ ಹೋಗಿರುತ್ತದೆ. ಶಿವಮೊಗ್ಗ ಪೇಟೆ, ಶಿಕಾರಿಪುರದ ಕಡೆಯವರಿಗೆ ಜೂನ್ ಆದರೂ ತೊಂದರೆಯಿಲ್ಲ.

ಎರಡಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ಮಾಡಿನ ನೀರು ಬೀಳುವ ಜಾಗದಿಂದ ನಾಲ್ಕಡಿ ಆಚೆ ಇರಲಿ. ನಮ್ಮದು ಜಂಬಿಟ್ಟಿಗೆ ಮಣ್ಣು, ತಳ ಗಟ್ಟಿ. ಗುಂಡಿ ತೋಡಿ ಬಿಟ್ಟರೆ ಅದೇ ಒಂದು ತೊಟ್ಟಿಯಾಗುತ್ತದೆ. ಹಾರೆಯಲ್ಲಿ ತಳ ಒಡೆದು, ಇಟ್ಟಿಗೆ ಚೂರು ಹಾಕಿ, ಮೇಲ್ಮಣ್ಣು, ಮರಳು, ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಎರಡು ಮುಷ್ಟಿ ಬೇವಿನ ಹಿಂಡಿ ಕಲಸಿ ತುಂಬಿ. ನೆಲಕ್ಕೆ ಸಮ ಮಾಡಬೇಡಿ. ಒಂದಡಿ ಎತ್ತರದ ದಿಬ್ಬ ಮಾಡಿ ಅದರ ನೆತ್ತಿಯಲ್ಲಿ ಸಸಿ ಕೂರಿಸಿ. ಜೂನ್‌ನಲ್ಲಿ ಅಡಿಕೆಗೆ ಕೊಳೆರೋಗದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ನಾನು ಬಳ್ಳಿಯ ಬುಡಕ್ಕೂ ಒಂದು ಚೊಂಬು ಸುರಿಯುತ್ತೇನೆ.

ಬಿಸಿಲು ದಿನಕ್ಕೆ ಐದಾರು ಗಂಟೆಯಾದರೂ ಬೇಕು. ತೋಟದ ನೆರಳಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಚಪ್ಪರಕ್ಕೆ ಅಡಿಕೆ ಕಂಬ ಹಾಕಿ ನಾನು ಕೆಟ್ಟೆ. ಮೂರನೇ ಮಳೆಗಾಲಕ್ಕೆ ಬುಡ ಕುಂಬಾಗಿ ಇಡೀ ಬಳ್ಳಿ ಅಂಗಳಕ್ಕೆ ಮಲಗಿತು. ಈ ಬಳ್ಳಿ ವರ್ಷ ಹೋದ ಹಾಗೆ ಮರದಂತಾಗುತ್ತದೆ, ತೂಕ ಜಾಸ್ತಿ. ಕಲ್ಲುಕಂಬ ಅಥವಾ ಜಿಐ ಪೈಪ್ ನಿಲ್ಲಿಸಿ, ಮೇಲೆ ಅಡ್ಡಕ್ಕೆ ಬೇಕಾದರೆ ಅಡಿಕೆ ದಬ್ಬೆ ಹಾಕಿ. ದಬ್ಬೆ ಬದಲಾಯಿಸುವುದು ಸುಲಭ. ಫಸಲಿನ ಅಡಿಕೆ ಮರಕ್ಕೆ ಹಬ್ಬಿಸಬೇಡಿ, ಅಡಿಕೆ ಗೊನೆ ತೆಗೆಯುವವರಿಗೆ ಕಾಲಿಡಲು ಜಾಗವಿರುವುದಿಲ್ಲ.

ಮೊದಲ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎರಡು ಕೊಡ ನೀರು ಹಾಕಿ, ಬುಡಕ್ಕೆ ದರಗು (ಒಣ ಎಲೆ) ಮುಚ್ಚಿ. ಬೇರು ಇಳಿದ ಮೇಲೆ ಕ್ರಮ ಬದಲಾಗುತ್ತದೆ. ದೀಪಾವಳಿ ಕಳೆದ ಮೇಲೆ ನೀರು ನಿಲ್ಲಿಸಿಬಿಡಿ. ಎಲೆ ಸ್ವಲ್ಪ ಬಾಡಿದಂತೆ ಕಂಡರೂ ಕೊಡ ಎತ್ತಬೇಡಿ. ಇದು ನನಗೆ ಬಹಳ ಕಷ್ಟವಾಯಿತು, ಗಿಡ ಬಾಡಿದರೆ ಕೈ ಸುಮ್ನೆ ಇರುವುದಿಲ್ಲ. ಆದರೆ ನಮ್ಮಲ್ಲಿ ಮೊಗ್ಗು ಬಂದಿದ್ದು ನೀರು ನಿಲ್ಲಿಸಿದ ವರ್ಷವೇ. ಜನವರಿ ಕೊನೆಯಲ್ಲಿ ತುದಿಗಳಲ್ಲಿ ಬೂದು ಬಣ್ಣದ ಸಣ್ಣ ಕಡ್ಡಿಗಳು ಹೊರಟವು. ಮೊಗ್ಗು ಕಂಡ ಮೇಲೆ ವಾರಕ್ಕೊಮ್ಮೆ ನೀರು ಕೊಡಬಹುದು. ಗೊಬ್ಬರ ಮೇ ಕೊನೆಗೆ ಒಂದೇ ಸಲ. ಯೂರಿಯಾ ಬೇಡವೇ ಬೇಡ, ಎಲೆ ತುಂಬಿ ಹೂ ಮರೆತೇಹೋಗುತ್ತದೆ.

ಹೂವನ್ನು ಹತ್ತಿರದಿಂದ ನೋಡಿ. ಹೊರಗೆ ನಕ್ಷತ್ರದಂತೆ ಐದು ತಿಳಿ ನೇರಳೆ ಎಸಳು, ನಡುವೆ ಕಡು ನೇರಳೆಯ ಪುಟ್ಟ ಹೂವು. ನಿಜವಾದ ಹೂವು ಆ ಪುಟ್ಟದು. ಕೆಲವೇ ದಿನಕ್ಕೆ ಉದುರಿ, ಬೆಳಿಗ್ಗೆ ಅಂಗಳ ಗುಡಿಸುವಾಗ ಪೊರಕೆಗೆ ಸಿಗುತ್ತದೆ. ಹೊರಗಿನ ನಕ್ಷತ್ರ ಹೂವಿನ ತೊಟ್ಟಿನ ಬಟ್ಟಲು. ಅದು ವಾರಗಟ್ಟಲೆ ಉಳಿದು, ಬಣ್ಣ ಮಾಸಿ, ಕೊನೆಗೆ ಗಾಳಿಗೆ ಗಿರಗಿರ ಸುತ್ತುತ್ತ ಇಳಿಯುತ್ತದೆ. ಬೀಜಕ್ಕೆ ಅದೇ ರೆಕ್ಕೆ.

ನಕ್ಷತ್ರಗಳು ಮಾಸಿದ ತಕ್ಷಣ, ಏಪ್ರಿಲ್ ಅಥವಾ ಮೇ ಮೊದಲಲ್ಲಿ, ಕತ್ತರಿ ಹಿಡಿಯಿರಿ. ಉದ್ದ ಹೋದ ರೆಂಬೆಗಳನ್ನು ಮೂರರಲ್ಲಿ ಒಂದು ಪಾಲು ಕತ್ತರಿಸಿ, ಬುಡದಿಂದ ಎದ್ದ ಚಿಗುರು ತೆಗೆಯಿರಿ. ಮಳೆಗಾಲದಲ್ಲಿ ಬಂದ ಹೊಸ ರೆಂಬೆ ಬಲಿತು ಮುಂದಿನ ವರ್ಷ ಹೂ ಕೊಡಬೇಕು. ನವರಾತ್ರಿಗೆ ಅಂಗಳ ಚಂದ ಕಾಣಲಿ ಅಂತ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ಹಿಟ್ಟು ತಿಗಣೆ ಕಂಡರೆ ಸೋಪಿನ ನೀರು ಸಾಕು.

ಹೊಸ ಗಿಡ ಬೇಕಾದರೆ ಗೂಟಿ ಕಟ್ಟಿ, ಅಂದರೆ ರೆಂಬೆ ಬಳ್ಳಿಯಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ. ಕಡ್ಡಿ ಚುಚ್ಚಿದರೆ ನಮ್ಮಲ್ಲಿ ಹತ್ತಕ್ಕೆ ಒಂದೋ ಎರಡೋ ಬದುಕಿದ್ದು. ಆರಿದ್ರ ಮಳೆ ಹೊತ್ತಿಗೆ, ಕಳೆದ ವರ್ಷ ಬಲಿತ ಪೆನ್ಸಿಲ್ ದಪ್ಪದ ರೆಂಬೆ ಆರಿಸಿ. ಒಂದಿಂಚು ಅಗಲ ಉಂಗುರದಂತೆ ಸಿಪ್ಪೆ ತೆಗೆಯಿರಿ. ಒಳಗಿನ ಲೋಳೆ ಪದರವನ್ನು ಚಾಕುವಿನ ಬೆನ್ನಿನಿಂದ ಪೂರ್ತಿ ಹೆರೆಯಬೇಕು. ಅದು ಉಳಿದರೆ ಸಿಪ್ಪೆ ಮತ್ತೆ ಕೂಡಿಕೊಂಡು ಬೇರು ಬರುವುದಿಲ್ಲ. ಮೇಲಿನ ಅಂಚಿಗೆ ಬೇರು ಬರಿಸುವ ಪುಡಿ ಸವರಿ. ಮರದ ಮೇಲಿನ ಹಸಿ ಪಾಚಿಯನ್ನು ಹಿಂಡಿ, ಹಿಡಿಯಷ್ಟು ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟಿ. ಮೇಲಿನ ಗಂಟು ಸಡಿಲವಾದರೆ ಮಳೆನೀರು ಇಳಿದು ಕೊಳೆಯುತ್ತದೆ.

ಎರಡು ಮೂರು ತಿಂಗಳಿಗೆ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಾಣುತ್ತದೆ. ಬೇರು ಕಂದು ತಿರುಗುವವರೆಗೆ ಕಾಯಿರಿ, ಆಮೇಲೆ ಕತ್ತರಿಸಿ ಕುಂಡಕ್ಕೆ ಹಾಕಿ, ಒಂದು ತಿಂಗಳು ನೆರಳಲ್ಲಿಡಿ. ಗೂಟಿ ಗಿಡ ನಮ್ಮಲ್ಲಿ ಮೂರನೇ ವರ್ಷಕ್ಕೆ ಹೂ ಬಿಟ್ಟಿತು. ಈ ಸಲ ಆರು ಕಟ್ಟಿದ್ದೇನೆ. ಒಂದು ಚಿಕ್ಕಮ್ಮನ ಮನೆಗೇ ವಾಪಸ್ ಹೋಗಬೇಕು. ಅವರ ಹಳೇ ಬಳ್ಳಿ ಹೋದ ಮಳೆಗಾಲದಲ್ಲಿ ಚಪ್ಪರದ ಸಮೇತ ಬಿದ್ದುಹೋಯಿತು.