ಡೋಲೋ ನುಂಗಿದ್ಮೇಲೆ ಗಡಿಯಾರ ನೋಡೋದು ಹೇಗೆ?

ಜ್ವರ ಬಂದಾಗ ನಮ್ಮತ್ತೆ ಡೋಲೋ 650 ನುಂಗಿ ಹದಿನೈದು ನಿಮಿಷ ಆಗಿರಲ್ಲ, "ಇನ್ನೂ ಮೈ ಸುಡ್ತಾನೇ ಇದೆ, ಇನ್ನೊಂದು ಕೊಡಮ್ಮ" ಅಂತಾರೆ. ಅಷ್ಟೊತ್ತಿಗೆ ಮಾತ್ರೆ ಇನ್ನೂ ಹೊಟ್ಟೇಲೇ ಕೂತಿದ್ರೂ ಕೂತಿರುತ್ತೆ!

ಮೊದ್ಲು ಮಾತ್ರೆನ ಒಂದು ಲೋಟ ನೀರಿನ ಜೊತೆ ನುಂಗಿ. ಡೋಲೋ ಅಂದ್ರೆ ಪ್ಯಾರಾಸಿಟಮಾಲ್, ಅದು ರಕ್ತಕ್ಕೆ ಸೇರೋದು ಹೆಚ್ಚಾಗಿ ಸಣ್ಣ ಕರುಳಿಂದ, ಹಾಗಾಗಿ ಹೊಟ್ಟೆ ಅದನ್ನ ಎಷ್ಟು ಬೇಗ ಕೆಳಗೆ ತಳ್ಳುತ್ತೋ ಅಷ್ಟು ಬೇಗ ಕೆಲಸ ಶುರು. ಖಾಲಿ ಹೊಟ್ಟೆ ಆದ್ರೆ ಅರ್ಧದಿಂದ ಒಂದು ಗಂಟೆ, ಮುದ್ದೆ ಸಾರು ಬಾರಿಸಿ ನುಂಗಿದ್ರೆ ಇನ್ನೂ ತಡ.

ಕರುಳಿಂದ ಹೊರಟ ರಕ್ತ ಸೀದಾ ಮೈಗೆಲ್ಲಾ ಹೋಗಲ್ಲ, ಮಧ್ಯೆ ಲಿವರ್ ಅನ್ನೋ ಚೆಕ್‌ಪೋಸ್ಟ್ ದಾಟ್ಬೇಕು. ಕೆಲವು ಔಷಧಿ ಬಹುಪಾಲು ಅಲ್ಲೇ ಖಾಲಿ. ಎದೆನೋವು ಬಂದ್ರೆ ಸಾರ್ಬಿಟ್ರೇಟ್‌ನ ನಾಲಿಗೆ ಕೆಳಗೆ ಇಡಿಸೋದು ಇದಕ್ಕೇ, ಅಲ್ಲಿಂದ ಲಿವರ್ ತಪ್ಪಿಸಿ ನೇರ ರಕ್ತಕ್ಕೆ. ಡೋಲೋದಲ್ಲಿ ಹೆಚ್ಚಿನ ಪಾಲು ಪಾಸಾಗುತ್ತೆ. ಆಮೇಲೆ ಎಲ್ಲಾ ಕಡೆ ಸುತ್ತುತ್ತೆ, ತಲೆನೋವಿಗೆ ನುಂಗಿದ ಮಾತ್ರೆಗೆ ತಲೆ ಎಲ್ಲಿದೆ ಅಂತ ಏನು ಗೊತ್ತು, ಮೊಣಕಾಲಿಗೂ ಹೋಗಿ ಬರುತ್ತೆ.

ಈಗ ಗಡಿಯಾರ. ಸುಮಾರು ಎರಡರಿಂದ ಮೂರು ಗಂಟೆಗೊಮ್ಮೆ ರಕ್ತದಲ್ಲಿರೋ ಪ್ಯಾರಾಸಿಟಮಾಲ್ ಅರ್ಧಕ್ಕಿಳಿಯುತ್ತೆ, ಇದನ್ನೇ ಹಾಫ್ ಲೈಫ್ ಅನ್ನೋದು. 650 ಮಿಲಿಗ್ರಾಂ ಇದ್ದದ್ದು 325, ಅದು 160 ಚಿಲ್ರೆ, ಹೀಗೆ. ಅದಕ್ಕೇ ಎರಡು ಡೋಸ್ ಮಧ್ಯೆ ನಾಲ್ಕರಿಂದ ಆರು ಗಂಟೆ ಗ್ಯಾಪ್. ನುಂಗಿದ ಟೈಮನ್ನ ಸ್ಟ್ರಿಪ್ ಹಿಂದೆ ಪೆನ್ನಲ್ಲಿ ಬರೆದಿಡಿ, ಜ್ವರದಲ್ಲಿ ನೆನಪಿರಲ್ಲ.

ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ಲಿವರ್ ತೊಂದರೆ ಇರೋರಿಗೆ, ದಿನಾ ಕುಡಿಯೋರಿಗೆ ಇನ್ನೂ ಕಮ್ಮಿ, ಅದನ್ನ ಡಾಕ್ಟ್ರೇ ಹೇಳ್ಬೇಕು. ಮೆಡಿಕಲ್ ಶಾಪಲ್ಲಿ ತರೋ ಎಷ್ಟೋ ನೆಗಡಿ ಮಾತ್ರೇಲೂ ಇದೇ ಪ್ಯಾರಾಸಿಟಮಾಲ್ ಇರುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ, ಬಹಳ ಜನ ಎಡವೋದು ಇಲ್ಲೇ.

ಯಾಕಂದ್ರೆ ಲಿವರ್ ಹೆಚ್ಚಿನದನ್ನ ನಿರುಪದ್ರವಿ ಮಾಡಿ ಮೂತ್ರಕ್ಕೆ ಕಳಿಸಿದ್ರೂ ಸ್ವಲ್ಪ ಭಾಗ ವಿಷ ಆಗುತ್ತೆ, ಅದನ್ನ ಗ್ಲುಟಾಥಯೋನ್ ಅನ್ನೋ ವಸ್ತು ತಣ್ಣಗೆ ಮಾಡುತ್ತೆ. ಡೋಸ್ ಮೀರಿದ್ರೆ ಆ ಸ್ಟಾಕ್ ಮುಗಿದು ವಿಷ ಲಿವರನ್ನೇ ತಿನ್ನುತ್ತೆ. ಮೊದಲ ದಿನ ಬರೀ ವಾಕರಿಕೆ ಇರಬಹುದು, ಏನೂ ಅನ್ಸದೇನೂ ಇರಬಹುದು. ಆರಾಮಾಗಿದೀನಿ ಅಂತ ಕೂರ್ಬೇಡಿ, ಆಸ್ಪತ್ರೆಲಿ ಇದಕ್ಕೆ ಪ್ರತಿಮದ್ದಿದೆ, ನುಂಗಿದ ಎಂಟು ಗಂಟೆ ಒಳಗೆ ಶುರು ಮಾಡಿದ್ರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ಹೋಗುವಾಗ ಖಾಲಿ ಸ್ಟ್ರಿಪ್ ತಗೊಂಡೇ ಹೋಗಿ.